ಗುಡಿಸಿಟ್ಟ ಆಕಾಶ

ಹಿಂದೂಪುರ
೧೮ ಜನವರಿ ೨೦೨೫

ಅಪ್ಪನಿಗೆ ರೇವತಿಯ ನಮಸ್ಕಾರ.

ಮೊದಲು ಕ್ಷೇಮ ಎಂದು ಬರೆದು ಆಮೇಲೆ ವಿಷಯಕ್ಕೆ ಬರಬೇಕು ಎಂದು ನೀನೇ ಕಲಿಸಿದ್ದು. ನಾನು ಕ್ಷೇಮವಾಗಿಲ್ಲ. ಕೋಪದಿಂದ ಮೈಯೆಲ್ಲ ಉರಿಯುತ್ತಿದೆ. ನಿನ್ನೆ ಫೋನಿನಲ್ಲಿ ನಾನು ಯಾಕೆ ಹಾಗೆ ಕಿರುಚಿದೆ ಎಂದು ಅವ್ವ ಕೇಳುತ್ತಿದ್ದಳು. ಫೋನಿನಲ್ಲಾದರೆ ನಾವಿಬ್ಬರೂ ಮಾತು ಮುಗಿಯುವ ಮೊದಲೇ ಫೋನ್ ಕುಕ್ಕಿಬಿಡುತ್ತೇವೆ. ಕಾಗದಕ್ಕೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ, ಪೂರ್ತಿ ಓದಲೇಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮುಗಿಸಿ ಬಂದು ಲ್ಯಾಪ್‌ಟಾಪಿನ ಮುಂದೆ ಏನು ಮಾಡುತ್ತೀಯ ಎಂದು ನೀನು ಎಷ್ಟೋ ಸಲ ಕೇಳಿದ್ದೀಯ. "ನಕ್ಷತ್ರದ್ದು" ಎಂದು ಹೇಳಿ ತಪ್ಪಿಸಿಕೊಂಡಿದ್ದೇನೆ. ಇವತ್ತು ಸರಿಯಾಗಿ ಹೇಳುತ್ತೇನೆ, ಇಲ್ಲದಿದ್ದರೆ ನನ್ನ ಕೋಪ ನಿನಗೆ ಅರ್ಥವಾಗುವುದಿಲ್ಲ.

ತುಂಬಾ ದೂರದಲ್ಲಿ ಕೋಟಿಗಟ್ಟಲೆ ಗೆಲಾಕ್ಸಿಗಳಿವೆ. ಒಂದೊಂದೂ ನಕ್ಷತ್ರಗಳ ದೊಡ್ಡ ಗುಂಪು. ಅವುಗಳ ಬೆಳಕು ನಮ್ಮ ತನಕ ಬರುವಾಗ ದಾರಿಯಲ್ಲಿರುವ ವಸ್ತುವಿನ ಭಾರ ಅದನ್ನು ಒಂಚೂರು ಬಗ್ಗಿಸುತ್ತದೆ. ಅದರಿಂದ ಗೆಲಾಕ್ಸಿಯ ಆಕಾರ ಒಂಚೂರು ಎಳೆದಂತೆ ಕಾಣುತ್ತದೆ, ನೂರಕ್ಕೆ ಒಂದರಷ್ಟು. ಒಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ. ಕೋಟಿ ಗೆಲಾಕ್ಸಿಗಳನ್ನು ಅಳೆದು ಸರಾಸರಿ ತೆಗೆದರೆ ತಿಳಿಯುತ್ತದೆ. ಆ ಎಳೆತದಿಂದ ನಡುವೆ ಎಷ್ಟು ಭಾರವಿದೆ ಎಂದು ಲೆಕ್ಕ ಹಾಕುತ್ತೇವೆ, ಕಣ್ಣಿಗೆ ಕಾಣದ ವಸ್ತುವನ್ನೂ ಸೇರಿಸಿ. ಲೋಕವನ್ನೇ ತೂಗುವ ಕೆಲಸ ಅಂದುಕೋ. ಒಂದು ರೀತಿಯಲ್ಲಿ ನಿನ್ನ ಕೆಲಸವೇ.

ಆಕಾರ ಅಳೆಯುವುದು ಒಂದು ಪ್ರೋಗ್ರಾಮ್. ಅದು ಸರಿಯಾಗಿ ಅಳೆಯುತ್ತದೋ ಇಲ್ಲವೋ ತಿಳಿಯುವುದು ಹೇಗೆ? ಆಕಾಶದ ನಿಜವಾದ ಉತ್ತರ ಯಾರಿಗೂ ಗೊತ್ತಿಲ್ಲ. ಅದಕ್ಕೆ ನಾವೇ ಕಂಪ್ಯೂಟರಿನಲ್ಲಿ ಒಂದು ಸುಳ್ಳು ಆಕಾಶದ ಚಿತ್ರ ಮಾಡುತ್ತೇವೆ. ಅದರಲ್ಲಿ ಎಷ್ಟು ಎಳೆದಿದ್ದೇವೆ ಎಂದು ನಮಗೆ ಗೊತ್ತಿರುತ್ತದೆ. ನೂರು ಎಳೆದದ್ದಕ್ಕೆ ಪ್ರೋಗ್ರಾಮ್ ತೊಂಬತ್ತೊಂಬತ್ತು ಎಂದರೆ, ಅದು ಒಂದು ಕಮ್ಮಿ ಹೇಳುತ್ತದೆ ಎಂದು ತಿಳಿದು ನಿಜ ಆಕಾಶದ ಅಳತೆಯನ್ನೂ ಅಷ್ಟು ತಿದ್ದುತ್ತೇವೆ. ನೀನು ಸರ್ಕಾರದ ಮುದ್ರೆ ಬಿದ್ದ ತೂಕದ ಕಲ್ಲನ್ನು ತಕ್ಕಡಿಯ ಮೇಲಿಟ್ಟು ನೋಡುವುದೂ ಇದೇ ತಾನೇ?

ಈಗ ಕೋಪಕ್ಕೆ ಬರುತ್ತೇನೆ. ಆ ಸುಳ್ಳು ಆಕಾಶದಲ್ಲಿ ಗೆಲಾಕ್ಸಿಗಳು ಸಾಲಾಗಿ, ದೂರ ದೂರ, ಒಂದೊಂದೂ ತನ್ನ ಚೌಕದೊಳಗೆ ಕೂತಿವೆ. ನಿಜ ಆಕಾಶ ಹಾಗಿಲ್ಲ. ಅಲ್ಲಿ ಒಂದರ ಮೇಲೊಂದು ಬಿದ್ದಿರುತ್ತವೆ, ಹತ್ತಿರದ್ದರ ಅಂಚಿಗೆ ದೂರದ್ದು ಅಂಟಿಕೊಂಡು ಎರಡೂ ಸೇರಿ ಒಂದೇ ಎಂಬಂತೆ ಕಾಣುತ್ತವೆ. ನಾನು ಮೂರು ತಿಂಗಳು ಕೂತು ನಿಜದ ಹಾಗೇ ಕಿಕ್ಕಿರಿದ ಆಕಾಶ ಮಾಡಿ ಪರೀಕ್ಷಿಸಿದೆ. ನೂರಕ್ಕೆ ಇನ್ನೂ ಎರಡು ಕಮ್ಮಿ ಬಂತು. ಬೇರೆ ಬೇರೆ ದೇಶದವರು ಸೇರಿದ ನಮ್ಮ ತಂಡದ ಪೇಪರು, ಅಂದರೆ ಸಂಶೋಧನೆಯ ಲೇಖನ, ಹೇಳಲು ಹೊರಟಿರುವುದೇ ಲೋಕದ ಭಾರ ಬೇರೆಯವರು ಹೇಳಿದ್ದಕ್ಕಿಂತ ಸ್ವಲ್ಪ ಕಮ್ಮಿ ಎಂದು! ಆ ಕಮ್ಮಿ ಎಲ್ಲಿಂದ ಬಂತು ಎಂದು ನಾನು ತೋರಿಸಿದರೆ, ನನಗೆ ಪಿಎಚ್‌ಡಿ ಮಾಡಿಸಿದ ಸುರೇಂದ್ರ ಸರ್, ಈಗ ತಂಡದ ಹಿರಿಯರು, ಹೇಳಿದ್ದು ಇಷ್ಟು: "ಎರಡು ಪರ್ಸೆಂಟ್ ತಾನೇ ರೇವತಿ, ಮುಂದಿನ ಪೇಪರಿನಲ್ಲಿ ನೋಡೋಣ."

ಮಾರ್ಚ್ ಕೊನೆಗೆ ಪೇಪರು ಹೊರಗೆ ಹೋಗುತ್ತದೆ. ನೂರಮೂವತ್ತು ಹೆಸರುಗಳಲ್ಲಿ ನನ್ನದೂ ಒಂದು. ತಪ್ಪು ತೂಕದ ಕೆಳಗೆ ನನ್ನ ಹೆಸರು ಇರಬೇಕೇ? ಹೆಸರು ತೆಗೆಸಿಕೊಂಡರೆ ಏಳು ವರ್ಷದ ಕೆಲಸ ಮಣ್ಣುಪಾಲು. ನೀನು ಏನು ಹೇಳುತ್ತೀಯ ಬರೆ.

ಕೋಪ ಇಳಿಯದ ಮಗಳು,
ರೇವತಿ


ಕಲ್ಯಾಣದುರ್ಗ
೨೭ ಜನವರಿ ೨೦೨೫

ಚಿರಂಜೀವಿ ರೇವತಿಗೆ ಅಪ್ಪ ವೆಂಕಟರಾಯಪ್ಪನ ಆಶೀರ್ವಾದ.

ನಿನ್ನ ಕಾಗದ ಅಂಗಡಿಗೇ ಬಂತು. ಎರಡು ಸಲ ಓದಿದೆ. ನಿಮ್ಮವ್ವನಿಗೂ ಓದಿ ಹೇಳಿದೆ. "ಲೋಕ ತೂಗೋ ಮಗಳನ್ನ ಹೆತ್ತಿದ್ದೀನಿ, ನಂಗೆ ಒಂದು ಸೀರೆ ಕೊಡ್ಸಾಕೆ ಅವಳಿಗೆ ಟೈಮಿಲ್ಲ" ಎಂದಳು ರಂಗಲಕ್ಷ್ಮಮ್ಮ. ಪಾವಗಡದ ಸ್ಕೂಲಿನಲ್ಲಿ ಕಲಿತ ಕನ್ನಡ ನನ್ನದು, ಮನೆಯಲ್ಲಿ ಅರ್ಧ ತೆಲುಗು. ತಪ್ಪಿದ್ದರೆ ನೀನೇ ತಿದ್ದಿಕೋ.

ಕೆಲಸ ಚೆನ್ನಾಗಿ ಅರ್ಥವಾಯಿತು. ಇಷ್ಟು ವರ್ಷ ಯಾಕೆ ಹೇಳಲಿಲ್ಲ? ನಾನು ತಕ್ಕಡಿ ರಿಪೇರಿಯವನು, ಆಕಾಶದ ವಿಷಯ ತಿಳಿಯುವುದಿಲ್ಲ ಎಂದುಕೊಂಡೆಯಾ? ಮೂವತ್ತೆಂಟು ವರ್ಷ ಲೈಸೆನ್ಸ್ ಇಟ್ಟುಕೊಂಡು ಕಲ್ಲು ಇಟ್ಟು ನೋಡಿದ್ದೇನೆ. ಗೊತ್ತಿರುವ ಭಾರ ಇಟ್ಟು ಗೊತ್ತಿಲ್ಲದ ತಪ್ಪು ಹಿಡಿಯುವುದು ನಿನಗಿಂತ ಮೊದಲು ನನ್ನ ಕೆಲಸ. ಇದನ್ನು ಬೇಸರದಿಂದಲೇ ಬರೆಯುತ್ತಿದ್ದೇನೆ.

ಆದರೆ ನಿನ್ನ ಮಾತು ನನಗೆ ಒಪ್ಪಿಗೆಯಿಲ್ಲ. ಗೆಲಾಕ್ಸಿಗಳನ್ನು ದೂರ ದೂರ ಇಟ್ಟದ್ದು ತಪ್ಪು ಅನ್ನುತ್ತೀಯ. ಹಾಗೆ ಇಟ್ಟದ್ದೇ ಸರಿ ಕಣಮ್ಮ. ಪರೀಕ್ಷೆ ಅಂದ ಮೇಲೆ ಶುದ್ಧವಾಗಿರಬೇಕು. ನಾನು ಹುಣಸೆ ಮಂಡಿಗೆ ಹೋದರೆ ಮೊದಲು ಏನು ಮಾಡುತ್ತೇನೆ? ತಕ್ಕಡಿಯಲ್ಲಿ ಮೂಟೆ ಇಡುವ ಹಲಗೆ ಎತ್ತಿ, ಕೆಳಗೆ ಸೇರಿದ ಹುಣಸೆ ಬೀಜ, ಸಿಪ್ಪೆ, ಧೂಳು ಎಲ್ಲವನ್ನೂ ಬ್ರಷ್ಷಿನಿಂದ ಗುಡಿಸಿ ತೆಗೆಯುತ್ತೇನೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಕುಂಕುಮ ಇಟ್ಟು, ಕೈ ಮುಗಿದು, ಆಮೇಲೇ ಕಲ್ಲು ಇಡುತ್ತೇನೆ. ನಮ್ಮಪ್ಪ ಹಾಗೆ ಮಾಡುತ್ತಿದ್ದ, ನಾನು ಹಾಗೇ ಮಾಡುತ್ತೇನೆ. ಕೊಳಕು ತಕ್ಕಡಿಯ ಮೇಲೆ ಮುದ್ರೆಯ ಕಲ್ಲು ಇಡುವವನು ಕಸುಬುದಾರನೇ ಅಲ್ಲ.

ಸುರೇಂದ್ರ ಸಾರ್ ದೊಡ್ಡವರು. ನೂರಕ್ಕೆ ಎರಡಕ್ಕೆ ಅವರ ಜೊತೆ ಜಗಳ ಬೇಡ.

ನಿನ್ನ ಅಪ್ಪ,
ವೆಂಕಟರಾಯಪ್ಪ


ಹಿಂದೂಪುರ
೩ ಫೆಬ್ರವರಿ ೨೦೨೫

ಅಪ್ಪನಿಗೆ,

ನಿನ್ನ ಕಾಗದ ಓದಿ ಬಸ್ ಹತ್ತಿ ಬಂದು ಜಗಳವಾಡೋಣ ಎನ್ನಿಸಿತು. ಸುರೇಂದ್ರ ಸರ್ ಹೇಳಿದ್ದನ್ನೇ ನೀನೂ ಹೇಳಿದ್ದೀಯ. ಅವರಿಗಾದರೂ ಪೇಪರಿನ ಆತುರ. ನಿನಗೇನು?

ಗುಡಿಸಿ, ಒರೆಸಿ, ಕುಂಕುಮ ಇಟ್ಟು ಕಲ್ಲು ಇಡುತ್ತೇನೆ ಎಂದು ಹೆಮ್ಮೆಯಿಂದ ಬರೆದಿದ್ದೀಯಲ್ಲ, ನಿನಗೆ ಪೋಲಮ್ಮ ನೆನಪಿದ್ದಾಳಾ? ನನಗಿದ್ದಾಳೆ. ಹನ್ನೊಂದು ವರ್ಷವಾಯಿತು. ನಾನು ಡಿಗ್ರಿ ಓದುತ್ತಿದ್ದೆ, ರಜಕ್ಕೆ ಬಂದವಳು ನಿನಗೆ ಬುತ್ತಿ ತಂದಿದ್ದೆ. ನರಸಪ್ಪನ ಹುಣಸೆ ಮಂಡಿ. ಬ್ರಹ್ಮಸಮುದ್ರದ ಕಡೆಯಿಂದ ಬಂದ ಪೋಲಮ್ಮ ತನ್ನ ಮೂಟೆ ಊರಿನ ರೇಷನ್ ಅಂಗಡಿಯಲ್ಲಿ ನಲವತ್ತೆರಡು ಕಿಲೊ ತೂಗಿತ್ತು, ಇಲ್ಲಿ ನಲವತ್ತೊಂದು ತೋರಿಸುತ್ತಿದೆ ಎಂದಳು. ನರಸಪ್ಪ ನಿನ್ನನ್ನು ಕರೆಸಿದ. ನೀನು ಬಂದು ಹಲಗೆ ಎತ್ತಿ, ಗುಡಿಸಿ, ಒರೆಸಿ, ಕಲ್ಲು ಇಟ್ಟೆ. ಗುಂಜಿಯಷ್ಟೂ ವ್ಯತ್ಯಾಸ ಬರಲಿಲ್ಲ. ಅವಳ ಮೂಟೆಯನ್ನು ಮತ್ತೆ ತೂಗಲೂ ಇಲ್ಲ, ಅಷ್ಟರಲ್ಲಿ ಅದು ರಾಶಿಗೆ ಸೇರಿಹೋಗಿತ್ತು. ಮಂಡಿ ತುಂಬಾ ಜನ. ನೀನು ಎಲ್ಲರಿಗೂ ಕೇಳುವಂತೆ ಹೇಳಿದೆ: "ತಕ್ಕಡಿ ಸುಳ್ಳು ಹೇಳಲ್ಲ ಕಣಮ್ಮ. ಸುಳ್ಳು ಹೇಳಾದು ಮನುಷ್ಯರು."

ಎಲ್ಲರೂ ನಕ್ಕರು. ನಾನೂ ನಕ್ಕೆ ಅಪ್ಪ. ನನ್ನಪ್ಪ ಎಷ್ಟು ಖಂಡಿತವಾದಿ ಎಂದು ಎದೆ ಉಬ್ಬಿಸಿಕೊಂಡು ನಿಂತಿದ್ದೆ. ಅವತ್ತಿನಿಂದ ಅವಳಿಗೆ "ನಲವತ್ತೆರಡು" ಎಂದೇ ಹೆಸರು ಬಿತ್ತು. ಆಮೇಲೆ ಅವಳು ಆ ಮಂಡಿಗೆ ಕಾಲಿಡಲಿಲ್ಲ.

ಅವಳ ಮೂಟೆ ತೂಗಿದ್ದು ಯಾವ ತಕ್ಕಡಿ, ನೀನು ಪರೀಕ್ಷೆ ಮಾಡಿದ್ದು ಯಾವ ತಕ್ಕಡಿ? ನೀನು ಗುಡಿಸಿ ಹೊರಗೆ ಎಸೆದದ್ದು ಏನನ್ನು? ಇಷ್ಟು ಯೋಚಿಸಿ ಆಮೇಲೆ ನನಗೆ ದೊಡ್ಡವರ ಬುದ್ಧಿ ಹೇಳು.

ರೇವತಿ


ಕಲ್ಯಾಣದುರ್ಗ
೨೪ ಫೆಬ್ರವರಿ ೨೦೨೫

ರೇವತಿಗೆ,

ಮೂರು ವಾರ ಬರೆಯಲಿಲ್ಲ. ಸಿಟ್ಟು ಬಂದಿತ್ತು. ಹೆತ್ತ ಮಗಳು ಅಪ್ಪನ ಕಸುಬಿಗೇ ಕೈ ಹಾಕಿದಳು ಎಂದು ನಿಮ್ಮವ್ವನ ಹತ್ತಿರ ಕೂಗಾಡಿದೆ. ಅವಳು ನನ್ನ ಪರ ನಿಲ್ಲಲಿಲ್ಲ. ಊಟಕ್ಕಿಟ್ಟು ಒಳಗೆ ಹೋದಳು. ಅದಕ್ಕೆ ಇನ್ನೂ ಸಿಟ್ಟು ಬಂತು.

ಹೋದ ಗುರುವಾರ ನರಸಪ್ಪನ ಮಂಡಿಗೆ ಹೇಳದೇ ಕೇಳದೇ ಹೋದೆ. ಈಗ ಹುಣಸೆಯ ಕಾಲ, ಬೆಳಗಿನಿಂದ ಮೂಟೆಗಳು ಬರುತ್ತಲೇ ಇವೆ. ತಕ್ಕಡಿ ಅದೇ ಹಳೆಯದು, ಅಂಕಿ ತೋರಿಸುವ ಡಬ್ಬಿ ಮಾತ್ರ ಹೊಸದು. ಇಪ್ಪತ್ತು ಕಿಲೊದ ಎರಡು ಕಲ್ಲು ಆಟೋದಲ್ಲಿ ತಂದಿದ್ದೆ. ಬ್ರಷ್ ಕೈಯಲ್ಲೇ ಇತ್ತು. ಗುಡಿಸದೇ ಕಲ್ಲು ಇಡಲು ಕೈಯೇ ಬರಲಿಲ್ಲ ಕಣಮ್ಮ. ನಮ್ಮಪ್ಪ ಹಿಂದೆ ನಿಂತು ನೋಡುತ್ತಿದ್ದಾನೆ ಅನ್ನಿಸಿತು. ಕೊನೆಗೆ ಕಣ್ಣು ಮುಚ್ಚಿ ಇಟ್ಟೆ.

ಮೂವತ್ತೊಂಬತ್ತು ಕಿಲೊ ನೂರು ಗ್ರಾಂ.

ಹಲಗೆ ಎತ್ತಿದೆ. ಹಲಗೆಗೂ ಕೆಳಗಿನ ಚೌಕಟ್ಟಿಗೂ ನಡುವೆ ಒಂದು ಬೆರಳಿನಷ್ಟು ಸಂದು ಇರುತ್ತದೆ. ಬಾಗಿಲ ಕಡೆಯ ಮೂಲೆಯಲ್ಲಿ ಬೀಜಗಳು ಹುಣಸೆ ಅಂಟಿನ ಜೊತೆ ಸೇರಿ ಗಟ್ಟಿಯಾಗಿ ಕೂತಿದ್ದವು. ಹಲಗೆಯ ಮೇಲೆ ಇಟ್ಟ ಭಾರದಲ್ಲಿ ಸ್ವಲ್ಪ ಅವುಗಳ ಮೇಲೆ ಇಳಿದು ನೆಲಕ್ಕೆ ಹೋಗುತ್ತದೆ, ಅಂಕಿಗೆ ಬರುವುದಿಲ್ಲ. ಗುಡಿಸಿ ಮತ್ತೆ ಕಲ್ಲು ಇಟ್ಟೆ. ನಲವತ್ತು ಸರಿಯಾಗಿ ಬಂತು.

ಅವತ್ತು ಪೋಲಮ್ಮನ ಎದುರು ಹಲಗೆ ಎತ್ತಿದಾಗಲೂ ಒಂದು ಹಿಡಿ ಬೀಜ ಸಿಕ್ಕಿತ್ತು, ಈಗ ನೆನಪಾಗುತ್ತದೆ. ನರಸಪ್ಪನ ತಕ್ಕಡಿಯೊಳಗೇ ಹುಣಸೆ ತೋಪು ಬೆಳೆಯುತ್ತದೆ ಎಂದು ತಮಾಷೆ ಮಾಡಿ ಚರಂಡಿಗೆ ಎಸೆದೆ. ನನ್ನ ಕೈಯಲ್ಲೇ ಇತ್ತು ರೇವತಿ. ಮೂವತ್ತೆಂಟು ವರ್ಷ ನಾನು ತಪ್ಪನ್ನು ಗುಡಿಸಿ ಹಾಕಿ ಆಮೇಲೆ ತಪ್ಪಿಲ್ಲ ಎಂದು ಮುದ್ರೆ ಹೊಡೆಸಿದ್ದೇನೆ. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿದೆ.

ಇನ್ನೊಂದು. ನಿನ್ನ ಮೊದಲ ಕಾಗದ ಮತ್ತೆ ತೆಗೆದು ಓದಿದೆ. ಸುರೇಂದ್ರ ಸಾರ್ ಏನಂದರು, ತಂಡದವರು ಏನು ಮಾಡಿದರು, ಎಲ್ಲಾ ಬರೆದಿದ್ದೀಯ. ಒಂದು ಮಾತು ಮಾತ್ರ ಬರೆದಿಲ್ಲ. ಗೆಲಾಕ್ಸಿಗಳನ್ನು ಹಾಗೆ ಸಾಲಾಗಿ ಜೋಡಿಸಿದ ಆ ಸುಳ್ಳು ಆಕಾಶವನ್ನು ಮೊದಲು ಮಾಡಿದ್ದು ಯಾರು?

ಅಪ್ಪ


ಹಿಂದೂಪುರ
೩ ಮಾರ್ಚ್ ೨೦೨೫

ಅಪ್ಪನಿಗೆ,

ನಾನು.

ಆರು ವರ್ಷದ ಹಿಂದೆ, ಪಿಎಚ್‌ಡಿಯ ಎರಡನೇ ವರ್ಷದಲ್ಲಿ ಮಾಡಿದ್ದು. ಒಂದಕ್ಕೊಂದು ಅಂಟಿಕೊಂಡರೆ ಅಳತೆ ಕೆಡುತ್ತದೆ ಎಂದು ನಾನೇ ಚೌಕ ಹಾಕಿ ದೂರ ದೂರ ಕೂರಿಸಿದೆ. ಅಚ್ಚುಕಟ್ಟಾಗಿದೆ ಎಂದು ಸುರೇಂದ್ರ ಸರ್ ಹೊಗಳಿ ತಂಡಕ್ಕೆ ಕೊಟ್ಟರು, ಮಾಡಿದವರ ಹೆಸರು ಅದರಲ್ಲಿರಲಿಲ್ಲ. ಅವತ್ತಿನಿಂದ ತಂಡದಲ್ಲಿ ಎಲ್ಲರೂ ಅದನ್ನೇ ಇಟ್ಟು ಪರೀಕ್ಷೆ ಮಾಡುತ್ತಿದ್ದಾರೆ. ಯಾರಿಂದ ಕಲಿತೆ ಎಂದು ನಿನಗೆ ಹೇಳಬೇಕಾಗಿಲ್ಲ. ಚಿಕ್ಕಂದಿನಲ್ಲಿ ನಿನ್ನ ಬ್ರಷ್ ಹಿಡಿದುಕೊಂಡು ನಿಲ್ಲುತ್ತಿದ್ದವಳು ನಾನೇ.

ನಿನ್ನ ಪ್ರಶ್ನೆ ಓದಿ ಎರಡು ದಿನ ಕಾಲೇಜಿಗೆ ಹೋಗಲಿಲ್ಲ. ಮೂರನೇ ದಿನ ಸುರೇಂದ್ರ ಸರ್‌ಗೆ ಬರೆದೆ. ತಪ್ಪು ನನ್ನದು, ನಾನೇ ಮಾಡಿದ್ದು, ಪೇಪರು ನಿಲ್ಲಿಸಿ ಎಂದು. ಅವರ ಉತ್ತರ ಕೇಳು. ಅವರಿಗೆ ಮೊದಲೇ ಗೊತ್ತಿತ್ತಂತೆ. ತಪ್ಪು ಎಲ್ಲಿಂದ ಶುರುವಾಯಿತು ಎಂದು ಬಯಲಾದರೆ ನನ್ನ ಹೆಸರು ಕೆಡುತ್ತದೆ ಎಂದೇ ಮುಂದಿನ ಪೇಪರಿಗೆ ತಳ್ಳಿದರಂತೆ. ನನ್ನನ್ನು ಕಾಪಾಡುತ್ತಿದ್ದರಂತೆ! ಈಗ ನಮ್ಮಿಬ್ಬರಿಗೆ ಗೊತ್ತಾಯಿತಲ್ಲ, ಅಷ್ಟು ಸಾಕು, ಈ ಪೇಪರು ಹೋಗಲಿ, ಮುಂದಿನದರಲ್ಲಿ ಸದ್ದಿಲ್ಲದೆ ತಿದ್ದೋಣ ಎಂದು ಬರೆದಿದ್ದಾರೆ.

ನಾನು ಯಾವಾಗ ಇವರನ್ನು ಕಾಪಾಡಿ ಎಂದು ಕೇಳಿದ್ದೆ? ಮೂರು ತಿಂಗಳು ನಾನು ಮೀಟಿಂಗಿನಲ್ಲಿ ಬಾಯಿ ಹರಿದುಕೊಳ್ಳುವಾಗ ಇವರು ಕನಿಕರದಿಂದ ನೋಡುತ್ತಿದ್ದರು. ಆದರೂ ಒಂದು ಮಾತು ನಿನ್ನ ಹತ್ತಿರ ಮುಚ್ಚಿಡುವುದಿಲ್ಲ. ಅವರ ಉತ್ತರ ಓದಿದ ತಕ್ಷಣ ಒಂದು ಗಳಿಗೆ ಹಾಯೆನಿಸಿತು. ಯಾರಿಗೂ ತಿಳಿಯದೆ ಮುಗಿದುಹೋಗಬಹುದು ಎನ್ನಿಸಿತು. ಇನ್ನೂ ಪೂರ್ತಿ ತೀರ್ಮಾನಿಸಿಲ್ಲ.

ರೇವತಿ


ಕಲ್ಯಾಣದುರ್ಗ
೧೪ ಮಾರ್ಚ್ ೨೦೨೫

ರೇವತಿಗೆ,

ಮೊನ್ನೆ ಬ್ರಹ್ಮಸಮುದ್ರದ ಬಸ್ ಹತ್ತಿ ಪೋಲಮ್ಮನ ಊರಿಗೆ ಹೋಗಿದ್ದೆ. ಮನೆ ವಿಚಾರಿಸಿದರೆ, "ನಲವತ್ತೆರಡು ಪೋಲಮ್ಮನಾ?" ಎಂದು ಕೇಳಿ ದಾರಿ ತೋರಿಸಿದರು. ಆ ಹೆಸರು ಅವಳ ಊರಿನ ತನಕ ಹೋಗಿದೆ. ಹೂಂ ಅನ್ನಲು ನನಗೆ ಬಾಯಿ ಬರಲಿಲ್ಲ, ತಲೆ ಆಡಿಸಿದೆ.

ಜಗುಲಿಯ ಮೇಲೆ ಕೂತು ಹುಣಸೆ ಕುಟ್ಟಿ ಬೀಜ ಬಿಡಿಸುತ್ತಿದ್ದಳು. ನನ್ನ ಗುರುತು ತಕ್ಷಣ ಹತ್ತಿತು. ಕೂರು ಅನ್ನಲಿಲ್ಲ. ನಿಂತುಕೊಂಡೇ ಎಲ್ಲಾ ಹೇಳಿದೆ. ಬೀಜದ ವಿಷಯ, ಗುಡಿಸಿದ ವಿಷಯ, ಅವಳ ಮಾತೇ ನಿಜವಾಗಿತ್ತು ಎನ್ನುವುದು. ಅವಳು ಕುಟ್ಟುವುದು ನಿಲ್ಲಿಸಲಿಲ್ಲ. ಎಲ್ಲಾ ಮುಗಿದ ಮೇಲೆ ತಲೆ ಎತ್ತಿದಳು.

"ಏಮಯ್ಯಾ ವೆಂಕಟರಾಯಪ್ಪ, ಅವತ್ತು ಅಷ್ಟು ಜನದ ಮುಂದೆ ನನ್ನ ಸುಳ್ಳಿ ಮಾಡ್ದೆ. ಇವತ್ತು ತಪ್ಪಾಯ್ತು ಅಂತ ಹೇಳಾಕೆ ಒಬ್ನೇ ಬಂದ್ಬುಟ್ಟಿದ್ದೀಯ. ನನ್ನ ಕಿವಿಯಾಗೆ ಹೇಳಿದ್ರೆ ಏನ್ ಬಂತು? ನಾನು ಸುಳ್ಳು ಹೇಳಿಲ್ಲ ಅಂತ ನಂಗೆ ಆವಾಗ್ಲೇ ಗೊತ್ತಿತ್ತು."

ಅಷ್ಟು ಹೇಳಿ ಮತ್ತೆ ಕುಟ್ಟತೊಡಗಿದಳು. ಬಸ್ಸು ಬರಲು ಒಂದು ಗಂಟೆ ಇತ್ತು. ಬೇವಿನ ಮರದ ಕೆಳಗೆ ನಿಂತಿದ್ದೆ. ನೀರು ಬೇಕಾ ಎಂದು ಯಾರೂ ಕೇಳಲಿಲ್ಲ, ಅದರಲ್ಲಿ ಅವರದೇನೂ ತಪ್ಪಿಲ್ಲ.

ನಿನಗೆ ಬುದ್ಧಿ ಹೇಳುವುದನ್ನು ನಾನು ಬಿಟ್ಟಿದ್ದೇನೆ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ. ನಾನಂತೂ ಮಂಡಿಗೆ ಹೋಗಿ ಹೇಳುವುದೇ. ಯುಗಾದಿ ಕಳೆಯಲಿ, ಜನ ತುಂಬಿರುವ ದಿನ ನೋಡಿ ಹೋಗುತ್ತೇನೆ. ನಿಮ್ಮವ್ವ ತಾನೂ ಬರುತ್ತೇನೆ ಎನ್ನುತ್ತಿದ್ದಾಳೆ.

ಅಪ್ಪ


ಹಿಂದೂಪುರ
೨೯ ಮಾರ್ಚ್ ೨೦೨೫

ಅಪ್ಪನಿಗೆ,

ಹೇಳಿದೆ.

ಮಂಗಳವಾರ ತಂಡದ ದೊಡ್ಡ ಮೀಟಿಂಗ್ ಇತ್ತು. ಮಧ್ಯಾಹ್ನ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತಿದ್ದೆ. ತೆರೆಯ ಮೇಲೆ ಎಪ್ಪತ್ತೆಂಟು ಮುಖಗಳು, ಐದಾರು ದೇಶದವು. ಪೇಪರಿಗೆ ಎಲ್ಲರ ಒಪ್ಪಿಗೆ ಕೇಳಿದಾಗ ನಾನು ಒಪ್ಪುವುದಿಲ್ಲ ಎಂದೆ. ಸುರೇಂದ್ರ ಸರ್ ಆಮೇಲೆ ಮಾತಾಡೋಣ ಎಂದು ತಡೆಯಲು ನೋಡಿದರು. ನಾನು ನಿಲ್ಲಿಸಲಿಲ್ಲ. ಆ ಆಕಾಶ ಮಾಡಿದವಳು ನಾನು, ಏನು ಅಳತೆಯನ್ನು ಕೆಡಿಸುತ್ತದೋ ಅದನ್ನೇ ತೆಗೆದುಹಾಕಿ ಆಮೇಲೆ ಪರೀಕ್ಷೆ ಮಾಡಿದ್ದೇನೆ, ಆರು ವರ್ಷ ನೀವೆಲ್ಲರೂ ಅದನ್ನು ನಂಬಿ ತಪ್ಪು ತೂಕ ತೂಗಿದ್ದೀರಿ ಎಂದೆ. ಕಿಕ್ಕಿರಿದ ಆಕಾಶದ ಅಂಕಿಗಳನ್ನೂ ತೋರಿಸಿದೆ.

ಆಮೇಲೆ ಒಬ್ಬಾಕೆ, ಇಷ್ಟು ದಿನ ಬೇರೆಯವರ ಮೇಲೆ ಕೂಗಾಡುತ್ತಿದ್ದೆಯಲ್ಲ, ಆಗ ಯಾಕೆ ಇದನ್ನು ಹೇಳಲಿಲ್ಲ ಎಂದು ಕೇಳಿದಳು. ಹೆದರಿಕೆಯಾಗಿತ್ತು ಎಂದೆ. ಇನ್ನೊಬ್ಬ, ಇನ್ನು ಮೇಲೆ ನನ್ನ ಕೆಲಸವನ್ನೆಲ್ಲ ಬೇರೆ ಯಾರಾದರೂ ಪರೀಕ್ಷಿಸಬೇಕು ಎಂದ. ಮುಖಕ್ಕೆ ಹೊಡೆದಂತಾಯಿತು. ಆದರೆ ಅವನ ಮಾತು ಸರಿಯೇ.

ಪೇಪರು ನಿಂತಿದೆ. ಕಿಕ್ಕಿರಿದ ಆಕಾಶದಿಂದ ತಿದ್ದುಪಡಿ ಹೊಸದಾಗಿ ಲೆಕ್ಕ ಹಾಕಿದ ಮೇಲೆಯೇ ಹೊರಗೆ ಹೋಗುತ್ತದೆ. ಆ ಕೆಲಸ ನನಗೇ ಕೊಟ್ಟಿದ್ದಾರೆ, ಪರೀಕ್ಷಿಸಲು ಇನ್ನಿಬ್ಬರನ್ನು ಇಟ್ಟಿದ್ದಾರೆ. ಸುರೇಂದ್ರ ಸರ್ ಅವತ್ತಿನಿಂದ ನನ್ನ ಜೊತೆ ಮಾತಾಡಿಲ್ಲ. ಅವರ ಮೇಲೆ ಇನ್ನೂ ಕೋಪವಿದೆ, ಅದು ಬೇಗ ಹೋಗುವುದಿಲ್ಲ.

ನೀನು ಮಂಡಿಗೆ ಹೋಗುವ ದಿನ ಮೊದಲೇ ತಿಳಿಸು, ನಾನೂ ಬರುತ್ತೇನೆ. ಅವತ್ತು ನಕ್ಕವರಲ್ಲಿ ನಾನೂ ಇದ್ದೆ.

ರೇವತಿ


ಕಲ್ಯಾಣದುರ್ಗ
೬ ಏಪ್ರಿಲ್ ೨೦೨೫

ಚಿರಂಜೀವಿ ರೇವತಿಗೆ,

ನಿನ್ನನ್ನು ಕಾಯಲಿಲ್ಲ. ತಪ್ಪು ತಿಳಿಯಬೇಡ. ಮಂಡಿಗೆ ಹುಣಸೆ ಹೇರಿಕೊಂಡು ಬಂದ ಬ್ರಹ್ಮಸಮುದ್ರದ ಆಟೋದವನ ಕೈಯಲ್ಲಿ ಪೋಲಮ್ಮನಿಗೆ ಹೇಳಿ ಕಳಿಸಿದ್ದೆ. ಬರುವುದಿಲ್ಲ ಎಂದುಕೊಂಡಿದ್ದೆ. ನಿನ್ನೆ ಬೆಳಗ್ಗೆ ಮೊದಲ ಬಸ್ಸಿಗೇ ಮೂಟೆ ಹಾಕಿಕೊಂಡು ಬಂದಿಳಿದಳು. ರೇಷನ್ ಅಂಗಡಿಯಲ್ಲಿ ನಲವತ್ತೆರಡು ಕಿಲೊ ಸರಿಯಾಗಿ ತೂಗಿಸಿ, ಬಾಯಿ ಹೊಲಿಸಿ ತಂದಿದ್ದಳು.

ಮಂಡಿಯಲ್ಲಿ ನೂರು ಜನರಾದರೂ ಇದ್ದರು. ನಾನು ತಕ್ಕಡಿಯ ಹತ್ತಿರ ಹೋದರೆ ಕೈ ತಾನಾಗಿ ಚೀಲದೊಳಗಿನ ಬ್ರಷ್ಷಿಗೆ ಹೋಯಿತು. ಪೋಲಮ್ಮ ಅದನ್ನು ನನ್ನ ಕೈಯಿಂದ ಕಿತ್ತು ನಿಮ್ಮವ್ವನಿಗೆ ಕೊಟ್ಟಳು. ಮೂಟೆ ಇಟ್ಟರೆ ನಲವತ್ತೊಂದು ಚಿಲ್ಲರೆ ತೋರಿಸಿತು. ಎಲ್ಲರೂ ನೋಡಿ ಎಂದೆ. ಹಲಗೆ ಎತ್ತಿ, ನಾನು ಗುಡಿಸಿದ ಮೇಲೆ ಮತ್ತೆ ಮೂಲೆಗೆ ಸೇರಿದ್ದ ಬೀಜಗಳನ್ನು ಅಂಗೈಯಲ್ಲಿ ಹಿಡಿದು ಒಬ್ಬೊಬ್ಬರಿಗೂ ತೋರಿಸಿದೆ. ಮತ್ತೆ ಮೂಟೆ ಇಟ್ಟರೆ ನಲವತ್ತೆರಡು ಬಂತು. ಹನ್ನೊಂದು ವರ್ಷದ ಹಿಂದೆ ಈಕೆ ಹೇಳಿದ್ದು ನಿಜ, ಸುಳ್ಳು ಹೇಳಿದವನು ನಾನು ಎಂದೆ. ಕನ್ನಡದಲ್ಲಿ ಒಂದು ಸಲ, ತೆಲುಗಿನಲ್ಲಿ ಒಂದು ಸಲ ಹೇಳಿದೆ, ಯಾರಿಗೂ ಕೇಳಿಸಲಿಲ್ಲ ಅನ್ನುವ ಹಾಗಾಗಬಾರದಲ್ಲ.

ನರಸಪ್ಪ ಕೆಂಡಾಮಂಡಲವಾದ. ಇನ್ನು ಮೇಲೆ ತನ್ನ ತಕ್ಕಡಿ ಮುಟ್ಟಬೇಡ, ಅನಂತಪುರದಿಂದ ಬೇರೆಯವನನ್ನು ಕರೆಸುತ್ತೇನೆ ಎಂದ. ಕರೆಸಿಕೋ, ಆದರೆ ಅವನು ಗುಡಿಸುವ ಮೊದಲು ಒಂದು ಸಲ ಕಲ್ಲು ಇಡಿಸು ಎಂದು ಹೇಳಿ ಬಂದೆ.

ಪೋಲಮ್ಮ ನನಗೆ ಒಂದು ಒಳ್ಳೆಯ ಮಾತೂ ಆಡಲಿಲ್ಲ. ನನ್ನ ಅಂಗೈ ತೆರೆಸಿ ಆ ಬೀಜಗಳನ್ನು ಎಣಿಸದೆ ತೆಗೆದುಕೊಂಡು, ಸೆರಗಿಗೆ ಗಂಟು ಹಾಕಿ, ಊರಿನಲ್ಲಿ ತೋರಿಸುತ್ತೇನೆ ಎಂದು ನಿಮ್ಮವ್ವನಿಗೆ ಮಾತ್ರ ಹೇಳಿ ಬಸ್ ಹತ್ತಿದಳು.

ಅಪ್ಪ